ಬೀಗರ ಹಿಂದೆ ಎಂಟುನೂರು ಮೀಟರ್

ನಮ್ಮಪ್ಪ ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಆ ಒಂದು ಸುಳ್ಳಿಗಾಗಿ ನಾಲ್ಕು ತಿಂಗಳು ಓಡಿದರು! ಬಟ್ಟೆ ವ್ಯಾಪಾರಿ ಒಂದೇ ಸುಳ್ಳು ಹೇಳಿ ಬದುಕಲು ಸಾಧ್ಯವೇ ಎಂದು ನೀವು ಕೇಳಬಹುದು. ಈ ಸೀರೆಯ ಬಣ್ಣ ಹೋಗುವುದಿಲ್ಲ ಎಂದು ಗಿರಾಕಿಗೆ ಹೇಳುವುದನ್ನು ಅಪ್ಪ ಸುಳ್ಳೆಂದು ಒಪ್ಪುವುದಿಲ್ಲ. ಅದು ವ್ಯಾಪಾರವಂತೆ.

ತೊಂಬತ್ತೆಂಟರಲ್ಲಿ ನನ್ನ ಮದುವೆಯ ಮಾತುಕತೆಗೆ ಹರಿಹರದಿಂದ ಗಂಡಿನ ಕಡೆಯವರು ದಾವಣಗೆರೆಯ ನಮ್ಮ ಮನೆಗೆ ಬಂದಿದ್ದರು. ಎಲ್ಲ ಒಪ್ಪಿಗೆಯಾಗಿ, ಮಂಡಕ್ಕಿ ಮಿರ್ಚಿ ತಿನ್ನುವಾಗ ಬೀಗರು, ಅಂದರೆ ನನ್ನ ಮಾವನಾಗುವವರು, "ನಮ್ಮೂರಾಗ ವರ್ಷಾ ಹಿರಿಯರ ಓಟ ಇರ್ತೈತ್ರಿ. ಎಂಟುನೂರು ಮೀಟರ್. ನಾನು ತಪ್ಪದಂಗ ಓಡ್ತೀನಿ" ಎಂದರು. ಅಪ್ಪನ ಬಾಯಲ್ಲಿ ಆಗ ಬಿಸಿ ಮಿರ್ಚಿ ಇತ್ತು. ಅಂಥ ಹೊತ್ತಿನಲ್ಲಿ ಯಾರಾದರೂ ಸುಮ್ಮನಿರಬೇಕೋ ಬೇಡವೋ?

"ಹೌದೇನ್ರಿ? ನಾನೂ ದಿನಾ ಓಡ್ತೀನ್ರಿ!"

ಚಹಾ ತರುತ್ತಿದ್ದ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಓಣಿಯ ಮೂಲೆಯಿಂದ ಎಲೆ ಅಡಿಕೆ ತರಲೂ ಸ್ಕೂಟರ್ ಹತ್ತುವ ಮನುಷ್ಯ ದಿನಾ ಓಡುತ್ತಾರಂತೆ!

"ಭಾಳ ಚಲೋ ಆತು. ಈ ಸಲ ನಿಮ್ಮ ಹೆಸರೂ ಬರೆಸ್ತೀನಿ ಬಿಡ್ರಿ" ಎಂದು ಬೀಗರು ಖುಷಿಯಿಂದ ಎದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓಟ ಮದುವೆಗೆ ಹದಿನೈದು ದಿನ ಮೊದಲು. ಅಲ್ಲಿ ನಡುವೆಯೇ ಕುಸಿದರೆ ತಮ್ಮ ಸುಳ್ಳು ಬಯಲಾಗಿ, ನಾಳೆ ಆ ಮನೆಯಲ್ಲಿ ಮಗಳು ತಲೆ ತಗ್ಗಿಸಬೇಕಾಗುತ್ತದೆ ಎಂಬ ಭಯ ಅಪ್ಪನಿಗೆ ಹತ್ತಿಕೊಂಡಿತು.

ಗುರು ಯಾರು? ಅಪ್ಪನ ಅಂಗಡಿಯ ಪಕ್ಕದ ಟೈಲರ್ ಚಾಚಾ. ಹರೆಯದಲ್ಲಿ ಕಾಲೇಜಿನ ಪರವಾಗಿ ಓಡಿದವರು. ಮೊದಲ ದಿನ ಅವರು ಅಂಗಿ ಅಳೆಯುವ ಟೇಪು ಹಿಡಿದು ಹೈಸ್ಕೂಲ್ ಮೈದಾನವನ್ನು ಅಳೆಯತೊಡಗಿದರು. ಅಳೆದು ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಆ ದಿನದ ಅಭ್ಯಾಸ ಅಷ್ಟೇ!

"ನೋಡ್ರಿ ಸಾವ್ಕಾರ್ರೇ, ಎಂಟುನೂರು ಮೀಟರ್ ಅಂದ್ರ ಎರಡೇ ಸುತ್ತು. ಮೊದಲನೇ ಸುತ್ತು ಅಕಲ್‌ನಿಂದ ಓಡ್ಬೇಕು, ಎರಡನೇದು ಹಿಮ್ಮತ್ತಿನಿಂದ" ಎಂದು ಚಾಚಾ ಉಪದೇಶ ಮಾಡಿದರು. ಅಪ್ಪನ ತೊಂದರೆ ಬುದ್ಧಿಯೂ ಅಲ್ಲ, ಧೈರ್ಯವೂ ಅಲ್ಲ, ಮರ್ಯಾದೆ! ಬೆಳಗಿನ ವಾಯುವಿಹಾರಕ್ಕೆ ಬಂದವರಲ್ಲಿ ಅರ್ಧ ಜನ ನಮ್ಮ ಗಿರಾಕಿಗಳು. ಅವರನ್ನು ಮಾತಾಡಿಸದೆ ಮುಂದೆ ಹೋಗುವುದು ಹೇಗೆ? "ಆರಾಮೇನ್ರಿ? ಮೊಮ್ಮಗಳ ಜವಳ ಯಾವಾಗ್ರಿ?" ಎಂದು ಒಬ್ಬೊಬ್ಬರ ಮುಂದೆಯೂ ನಿಂತು ನಿಂತು ಓಡಿದರು. ಮೊದಲ ಎರಡು ಸುತ್ತಿಗೆ ಮುಕ್ಕಾಲು ಗಂಟೆ ಹಿಡಿಯಿತು, ನಡುವೆ ಒಂದು ಕಪ್ ಚಹಾ ಸೇರಿ!

ಚಾಚಾ ಉಪಾಯ ಹೂಡಿ, ಗುರುತಿನವರು ಸಿಗಬಾರದೆಂದು ಊರಾಚೆಯ ಲೋಕಿಕೆರೆ ರಸ್ತೆಗೆ ಕರೆದೊಯ್ದರು. ಅಲ್ಲೊಬ್ಬ ರೈತ ಎದುರು ಬಂದ. ಸಾವುಕಾರರು ಬೆಳಗಾಗೆದ್ದು ರಸ್ತೆಯಲ್ಲಿ ಓಡಿದರೆ ಯಾರಿಗೆ ಗಾಬರಿಯಾಗುವುದಿಲ್ಲ ಹೇಳಿ? "ಯಾಕ್ರೀ ಸಾವ್ಕಾರ್ರೇ, ಯಾರಿಗೇನಾತು? ಹತ್ರಿ, ಹತ್ರಿ!" ಎಂದು ಎತ್ತಿನ ಗಾಡಿಯನ್ನೇ ತಿರುಗಿಸಿದ. ಅಪ್ಪ ಹತ್ತಿದರು! ಗಾಡಿಯ ಹಿಂದೆ ಚಾಚಾ ಒಬ್ಬರೇ ಓಡಿಕೊಂಡು ಬಂದರು.

"ಅಲ್ರೀ, ಹತ್ತಿದ್ದು ಯಾಕ?" ಎಂದು ಮನೆಯಲ್ಲಿ ಅವ್ವ ಕೇಳಿದಳು.

"ಅಷ್ಟು ಪ್ರೀತೀಲಿ ಕರದ. ಒಲ್ಲೆ ಅಂದ್ರ ಬ್ಯಾಸರ ಮಾಡ್ಕೊಳ್ಳಲ್ಲೇನ?"

ಆದರೂ ಬಿಡಲಿಲ್ಲ. ಎರಡನೇ ತಿಂಗಳು ಬೆಣ್ಣೆ ದೋಸೆ ಬಿಟ್ಟರು. ದಾವಣಗೆರೆಯವರಿಗೆ ಇದು ಎಂಥ ತ್ಯಾಗವೆಂದು ನಾನು ಬಿಡಿಸಿ ಹೇಳಬೇಕೆ? ಮೂರನೇ ತಿಂಗಳಲ್ಲಿ ಗಿರಾಕಿಗಳಿಗೆ ನಿಲ್ಲದೆ ಬರೀ ಕೈಯೆತ್ತಿ ನಮಸ್ಕಾರ ಮಾಡಲು ಕಲಿತರು. ನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಚಾಚಾನನ್ನೇ ಹಿಂದೆ ಹಾಕಿದರು! ಆವತ್ತು ಮನೆಗೆ ಬಂದ ಅಪ್ಪನ ಮುಖ ನೋಡಬೇಕಿತ್ತು. ಐವತ್ತೆರಡನೇ ವಯಸ್ಸಿನಲ್ಲಿ ಅವರಿಗೆ ತಮ್ಮ ಕಾಲುಗಳ ಪರಿಚಯವಾಗಿತ್ತು. ಗೆಲ್ಲುವ ಆಸೆ ಹುಟ್ಟಿದ್ದೂ ಆವತ್ತೇ.

ಅವ್ವನಿಗೆ ಮಾತ್ರ ಹೆದರಿಕೆ. "ಗೆದ್ದುಗಿದ್ದೀರಿ ಮತ್ತ! ಹೆಣ್ಣು ಕೊಡೋರು ಬೀಗರನ್ನ ಹಿಂದ ಹಾಕಿದ್ರ ನಾಳೆ ಮಗಳು ಮಾತು ಕೇಳ್ಬೇಕಾಕೈತಿ."

ಅಪ್ಪ ಹೋಗಿ ಬೂಟಿನ ಧೂಳು ಒರೆಸುತ್ತ ಕುಳಿತರು.

ಓಟದ ದಿನ ಹರಿಹರದ ಮೈದಾನದಲ್ಲಿ ಹತ್ತು ಜನ ಹಿರಿಯರು ಸಾಲಾಗಿ ನಿಂತರು. ನಾನು ಸೆರಗು ಹೊದ್ದುಕೊಂಡು, ಅತ್ತೆಯಾಗುವವರ ಪಕ್ಕದಲ್ಲಿ ಹಸುವಿನಂತೆ ನಿಂತಿದ್ದೆ. ಮೊದಲ ಸುತ್ತಿಗೇ ಇಬ್ಬರು ಸೊಂಟ ಹಿಡಿದು ಕುಳಿತರು. ಎರಡನೇ ಸುತ್ತಿನಲ್ಲಿ ಬೀಗರು ಎಲ್ಲರಿಗಿಂತ ಮುಂದೆ, ಅವರ ಬೆನ್ನ ಹಿಂದೆಯೇ ಅಪ್ಪ. ಕೊನೆಯ ತಿರುವಿನಲ್ಲಿ ಬೀಗರಿಗೆ ಏದುಸಿರು ಬಂತು. ಅಪ್ಪ ಮಾತ್ರ ಆಗಷ್ಟೇ ಹೊರಟವರಂತೆ ಇದ್ದರು. ನಾಲ್ಕು ಹೆಜ್ಜೆ ಜೋರಾಗಿ ಹಾಕಿದ್ದರೆ ಮುಗಿದೇ ಹೋಗುತ್ತಿತ್ತು.

ಅಷ್ಟರಲ್ಲಿ ಅಪ್ಪ ತಟ್ಟನೆ ನಿಂತು, ಮಣ್ಣಿನಲ್ಲಿ ಮಂಡಿಯೂರಿ, ಬೂಟಿನ ಲೇಸ್ ಕಟ್ಟತೊಡಗಿದರು. ಅವರ ಬೂಟಿಗೆ ಲೇಸೇ ಇರಲಿಲ್ಲ! ಅದು ಎಲಾಸ್ಟಿಕ್ ಬೂಟು.

ಯಾಕೆ ಕುಳಿತರೆಂದು ನನಗೆ ಗೊತ್ತಾಯಿತು. ಸೆರಗು ಜಾರಿದ್ದೂ ತಿಳಿಯದೆ ಕಿರುಚಿದೆ: "ಅಪ್ಪಾ! ಏಳಪ್ಪಾ! ಓಡಪ್ಪಾ!"

ಇಡೀ ಮೈದಾನವೇ ಈ ಕಡೆ ತಿರುಗಿತು. ಅಪ್ಪ ತಲೆಯೆತ್ತಿದರು. ಎದ್ದರು. ಆಮೇಲೆ ಓಡಿದ ಓಟವನ್ನು ನಾನು ಇಂದಿಗೂ ಮರೆತಿಲ್ಲ. ಆದರೂ ಒಂದು ಮೊಳದಷ್ಟರಲ್ಲಿ ಬೀಗರೇ ಗೆದ್ದರು.

ಬೀಗರು ಬಗ್ಗಿ ಮೊಣಕಾಲು ಹಿಡಿದು ಸುಧಾರಿಸಿಕೊಂಡು, ಅಪ್ಪನ ಪಾದಗಳನ್ನೇ ನೋಡಿದರು. "ಬೀಗರೇ, ಮುಂದಿನ ವರ್ಷ ಬೂಟಿಗೆ ಲೇಸ್ ಹಾಕ್ಸಿಕೊಂಡು ಬರ್ರಿ. ಆಗ ಕಟ್ಟಾಕ ಕುಂತ್ರ ನಾನೂ ನಂಬ್ತೀನಿ!" ಎಂದು ಅಪ್ಪನನ್ನು ತಬ್ಬಿಕೊಂಡು ನಕ್ಕರು.

ಮರಳುವಾಗ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕದಲ್ಲಿ ಕುಳಿತರು. ಅವ್ವನಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದರು: "ನೀ ಹಂಗ ಕೂಗಿದಾಗ ನಿಮ್ಮತ್ತಿ ಏನಂದ್ರವ್ವಾ?"

"ಏನೂ ಅನ್ನಲಿಲ್ಲಪ್ಪಾ. ನನ್ನ ಕೈ ಗಟ್ಟಿ ಹಿಡ್ಕೊಂಡು ಅವರೂ ಕೂಗಿದ್ರು. 'ಓಡ್ರಿ ಬೀಗರೇ, ಬಿಡಬ್ಯಾಡ್ರಿ' ಅಂತ."

ಅಪ್ಪ ನನ್ನ ಮುಖವನ್ನೇ ನೋಡಿದರು, ನಿಜ ಹೇಳುತ್ತಿದ್ದೇನೆಯೇ ಎಂದು. ಆಮೇಲೆ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾಲ್ಕು ತಿಂಗಳು ಅವರನ್ನು ನೋಡಿ ನಕ್ಕಿದ್ದ ನನಗೂ ಅಳು ತಡೆಯಲಿಲ್ಲ.

"ಹಂಗಾರ ನಾನೇ ಗೆದ್ದೆ ಬಿಡವ್ವಾ" ಎಂದರು ಟವೆಲಿನೊಳಗಿಂದ.