ಕೌದಿಯಲ್ಲಿ ಹೊಲಿದ ಬೆನ್ನುಹುರಿ

ಮನುಷ್ಯನ ಬೆನ್ನುಹುರಿಯನ್ನು ಹನ್ನೊಂದು ವರ್ಷ ಒಬ್ಬಳೇ ಆಳಿದವಳು ನಾನು. ಹೈದರಾಬಾದಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಅನಾಟಮಿ ಪಾಠ ನನ್ನದು. ಬೆನ್ನುಹುರಿಯಿಂದ ಹೊರಡುವ ಮೂವತ್ತೊಂದು ಜೊತೆ ನರಗಳಲ್ಲಿ ಯಾವುದು ಎಲ್ಲಿಗೆ ಹೋಗುತ್ತದೆ ಎಂದು ನೋಟ್ಸ್ ನೋಡದೆ ಹೇಳಬಲ್ಲೆ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನು ಹುಡುಗಿಯರು ಕಲಿತದ್ದೂ ನನ್ನ ಕ್ಲಾಸಿನಲ್ಲೇ. ಅದು ಬೇರೆ ಮಾತು. ಪಾಠ ಮಾತ್ರ ನನ್ನದು, ಅದರಲ್ಲಿ ಯಾರ ಪಾಲೂ ಇರಲಿಲ್ಲ.

ಆಮೇಲೆ ರಶ್ಮಿ ಬಂದಳು. ಮೈಸೂರು ಕಡೆಯವಳು, ಗಂಡನಿಗೆ ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಕನ್ನಡದ ಹುಡುಗಿ ಎಂದು ಮೊದಲ ದಿನವೇ ನನ್ನ ಡಬ್ಬಿಯ ಅರ್ಧ ಚುರುಮುರಿ ಅವಳಿಗೆ ಕೊಟ್ಟಿದ್ದೆ. ಆ ಚುರುಮುರಿ ವಾಪಸ್ ಬೇಕೆಂದು ಈಗಲೂ ಅನ್ನಿಸುತ್ತದೆ.

ಒಮ್ಮೆ ಜ್ವರ ಬಂದು ನಾನು ಎರಡು ದಿನ ರಜೆ ಹಾಕಿದೆ. ನನ್ನ ಕ್ಲಾಸನ್ನು ಅವಳು ತೆಗೆದುಕೊಂಡಳು. ಮೂರನೆಯ ದಿನ ಹೋಗಿ ನೋಡಿದರೆ ಹುಡುಗಿಯರೆಲ್ಲ ಬೆಂಚಿನ ಅಂಚಿಗೆ ಮೊಳಕೈ ತಟ್ಟಿಕೊಂಡು ಕಿಸಿಕಿಸಿ ನಗುತ್ತಿದ್ದಾರೆ.

"ಇಲ್ಲಿ ತಟ್ಟಿದರೆ ಕಿರುಬೆರಳಿನವರೆಗೆ ಝುಮ್ಮೆನ್ನುತ್ತದಲ್ಲ ಮೇಡಂ, ಅದೇ ಅಲ್ನಾರ್ ನರ. ರಶ್ಮಿ ಮೇಡಂ ತೋರಿಸಿದರು" ಎಂದಳು ಮುಂದಿನ ಬೆಂಚಿನ ಅನುಷಾ, ತೆಲುಗಿನಲ್ಲಿ.

ಅದೇ ನರವನ್ನು ನಾನು ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಒಬ್ಬಳೂ ನಕ್ಕಿರಲಿಲ್ಲ. ಹೊಟ್ಟೆಯೊಳಗೆ ಧಗ್ಗೆಂದಿತು. ಸುಳ್ಳು ಯಾಕೆ ಹೇಳಲಿ, ಅಪ್ಪಟ ಹೊಟ್ಟೆಕಿಚ್ಚು.

ಅದರ ಮೇಲೆ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆದು ಹೇಳಿದರು: "ಮುಂದಿನ ವರ್ಷದಿಂದ ಅನಾಟಮಿ ಒಬ್ಬರಿಗೆ, ನ್ಯೂಟ್ರಿಷನ್ ಒಬ್ಬರಿಗೆ. ಸೋಮವಾರ ಇಬ್ಬರೂ ಬೆನ್ನುಹುರಿಯ ಮೇಲೆ ಅರ್ಧರ್ಧ ಗಂಟೆ ಪಾಠ ಮಾಡಿ. ನಾನೂ ಕೂತು ನೋಡುತ್ತೇನೆ."

ನ್ಯೂಟ್ರಿಷನ್ ಎಂದರೆ ಗಂಜಿ, ಬೇಳೆಕಟ್ಟು, ಬೇಯಿಸಿದ ಕ್ಯಾರೆಟ್. ಬೆನ್ನುಹುರಿ ಆಳಿದ ಕೈಯಿಂದ ಗಂಜಿ ಕಲಸುವುದೇ? ಎಂದೆಂದಿಗೂ ಸಾಧ್ಯವಿಲ್ಲ ಎಂದು ತೀರ್ಮಾನಿಸಿದೆ. ಅವಳು ಮೊಳಕೈ ತೋರಿಸಿದರೆ ನಾನು ಇಡೀ ಬೆನ್ನುಹುರಿಯನ್ನೇ ತೋರಿಸುತ್ತೇನೆ. ಕೌದಿಯಲ್ಲಿ!

ಬಾಗಲಕೋಟೆ ಕಡೆಯ ಹೆಣ್ಣು ನಾನು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಕೌದಿ ಹೊಲಿಯುವುದು ನನಗೆ ತಾಯಿ ಕಲಿಸಿದ ಕೆಲಸ. ಸುಲ್ತಾನ್ ಬಜಾರಿಗೆ ಹೋಗಿ ಕೆಂಪು, ನೀಲಿ ಲಾಡಿ ತಂದೆ. ಸ್ಪರ್ಶ ತಿಳಿಸುವ ನರಕ್ಕೆ ನೀಲಿ, ಚಲನೆ ಕೊಡುವ ನರಕ್ಕೆ ಕೆಂಪು. ಬೆನ್ನುಹುರಿಯ ಕೊನೆಯಲ್ಲಿ ನರಗಳು ಕುದುರೆಬಾಲದಂತೆ ಇಳಿಬೀಳುತ್ತವೆ, ಅದಕ್ಕೊಂದು ಚೌರಿಯನ್ನೂ ಕೊಂಡೆ. ಭಾನುವಾರ ಬೆಳಗ್ಗೆ ಮಲ್ಕಾಜ್‌ಗಿರಿಯ ನಮ್ಮ ಮನೆಯ ಹಾಲ್‌ನಲ್ಲಿ ಚಕ್ಕಳಮಕ್ಕಳ ಹಾಕಿ ಕೂತವಳು ಎದ್ದದ್ದು ಸಂಜೆಗೇ.

"ಒಂದೀಟು ಕಾಲು ಚಾಚಿ ಕೂಡವಾ, ಜೋಮು ಹಿಡದೀತು" ಎಂದರು ಅತ್ತೆ.

"ಅನಾಟಮಿ ನನಗ ಹೇಳಬ್ಯಾಡ್ರಿ ಅತ್ತಿ" ಎಂದೆ.

ರೈಲ್ವೆಯಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರು ಪೇಪರಿನ ಮೇಲಿಂದ ಇಣುಕಿದರು. "ಏನ ಹೊಲ್ಯಾಕತ್ತೀ?"

"ಬೆನ್ನುಹುರಿ ರೀ."

"ಆ ಹುಡುಗಿ ಮ್ಯಾಲಿನ ಸಿಟ್ಟಿಗೆ?"

"ವಿದ್ಯಾರ್ಥಿಗಳ ಹಿತಕ್ಕ" ಎಂದೆ ಗಂಭೀರವಾಗಿ. ಅವರು ಮತ್ತೆ ಪೇಪರಿನೊಳಗೆ ಮುಖ ಹುದುಗಿಸಿದರು. ಪೇಪರು ಮಾತ್ರ ಅಲುಗುತ್ತಿತ್ತು.

ಸಂಜೆ ಏಳಲು ಹೋದರೆ ಬಲಗಾಲು ನನ್ನದಲ್ಲವೇನೋ ಅನ್ನಿಸಿತು. ಜೋಮು ಎಂದುಕೊಂಡೆ. ನಾನು ಗೋಡೆ ಹಿಡಿದು ಒಳಗೆ ಹೋದಾಗ ಅತ್ತೆ ಕೌದಿಯ ಕೊನೆಯ ಮೂಲೆಯನ್ನು ತಾವೇ ಹೊಲಿದು ಮುಗಿಸಿದರು. ಕೌದಿಯ ಹೊಟ್ಟೆ ಖಾಲಿ ಬಿಡಬಾರದು ಎಂಬುದು ನಮ್ಮ ಮನೆಯ ಪದ್ಧತಿ, ಅದಕ್ಕೇ ಮೂಲೆಯಲ್ಲಿ ಒಂದು ತುಣುಕು ಹೋಳಿಗೆ ಇಟ್ಟು ಹೊಲಿದರು. ಅದು ನನಗೆ ಮರುದಿನ ಗೊತ್ತಾಯಿತು. ನನಗೊಬ್ಬಳಿಗೇ ಅಲ್ಲ, ಎಲ್ಲರಿಗೂ.

ಸೋಮವಾರ ಬೆಳಗ್ಗೆ ಬಲಗಾಲಿನ ಚಪ್ಪಲಿ ಎರಡು ಸಲ ಕಳಚಿ ಬಿತ್ತು. ಚಪ್ಪಲಿಯನ್ನು ಬೈದೆ. ಕಾಲೇಜಿನಲ್ಲಿ ಕೌದಿಯನ್ನು ಬೋರ್ಡಿಗೆ ನೇತುಹಾಕಿದಾಗ ಅರವತ್ತು ಹುಡುಗಿಯರು ಒಟ್ಟಿಗೆ "ಅಬ್ಬಾ" ಎಂದರು. ರಶ್ಮಿ ಕೂಡ ಬಾಯಿ ತೆರೆದಳು. ಹನ್ನೊಂದು ವರ್ಷದಲ್ಲಿ ನನಗೆ ಅಂಥ ಸುಖ ಸಿಕ್ಕಿರಲಿಲ್ಲ. ಆ ಸುಖ ಸುಮಾರು ನಾಲ್ಕು ನಿಮಿಷ ಇತ್ತು.

"ಮೇಡಂ, ಕುತ್ತಿಗೆಯಲ್ಲಿ ಏಳೇ ಜೊತೆ ನರ ಇವೆ. ಎಂಟಲ್ಲವಾ?" ಎಂದಳು ಅನುಷಾ.

ಕುತ್ತಿಗೆಯ ಮೂಳೆ ಏಳು, ನರ ಎಂಟು ಜೊತೆ. ಮೂಳೆ ಎಣಿಸಿ ನರ ಬರೆದ ಹುಡುಗಿಯರ ಅಂಕವನ್ನು ಪ್ರತಿ ವರ್ಷ ನಿರ್ದಯವಾಗಿ ಕತ್ತರಿಸಿದವಳು ನಾನು. ಈಗ ನಾನೇ ಮೂಳೆ ಎಣಿಸಿ ಹೊಲಿದಿದ್ದೆ. "ನೀವು ಗಮನಿಸುತ್ತೀರೋ ಇಲ್ಲವೋ ನೋಡಿದೆ" ಎಂದೆ. ಯಾರೂ ನಂಬಲಿಲ್ಲ. ಪ್ರಿನ್ಸಿಪಾಲರು ಏನೋ ಬರೆದುಕೊಂಡರು. ಬರೆದು ತಲೆಯೆತ್ತಿದವರು ಕನ್ನಡಕ ಸರಿಮಾಡಿಕೊಂಡರು.

"ಕೆಳಗಿನ ನರಗಳು ಓಡಾಡುತ್ತಿವೆಯಲ್ಲ ಶಾರದಾ ಮೇಡಂ, ಅದೂ ನೀವೇ ಮಾಡಿದ್ದಾ?"

ತಿರುಗಿ ನೋಡಿದೆ. ಇರುವೆಗಳು. ಅತ್ತೆಯ ಹೋಳಿಗೆ ಹುಡುಕಿಕೊಂಡು ಚೌರಿಯ ತುಂಬಾ ಸಾಲು ಹಿಡಿದಿದ್ದವು. ಕೊಡವಲು ಓಡಿದೆ. ಬಲಗಾಲಿನ ಬೆರಳು ವೇದಿಕೆಯ ಅಂಚಿಗೆ ಸಿಕ್ಕಿತು. ಹಿಡಿಯಲು ಸಿಕ್ಕಿದ್ದು ಕೌದಿ. ನಾನು ಕೆಳಗೆ, ಮೇಲೆ ಬೆನ್ನುಹುರಿ, ಅದರ ಮೇಲೆ ಇರುವೆ.

ಮೊದಲು ಓಡಿಬಂದವಳು ರಶ್ಮಿ. ಕೌದಿ ಎತ್ತಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲು ನೋಡಿದಳು. "ಮೇಡಂ, ಪಾದ ಮೇಲಕ್ಕೆತ್ತಿ."

ಎತ್ತಿದೆ. ಪಾದ ಏಳಲಿಲ್ಲ.

"ನಿನ್ನೆ ಚಕ್ಕಳಮಕ್ಕಳ ಹಾಕಿ ತುಂಬಾ ಹೊತ್ತು ಕೂತಿದ್ರಾ?"

"ಒಂಬತ್ತು ತಾಸು."

ಅವಳ ಕಣ್ಣು ಹೊಳೆಯಿತು. ನನ್ನ ಕಣ್ಣು ತುಂಬಿತು. "ನಿಮ್ಮ ಕಾಲು ಇವರಿಗೆ ತೋರಿಸಬಹುದಾ ಮೇಡಂ?" ಎಂದು ಮೆಲ್ಲಗೆ ಕೇಳಿದಳು. ಇಲ್ಲ ಅನ್ನುವ ಮುಖ ನನಗೆ ಉಳಿದಿರಲಿಲ್ಲ. "ಮಂಡಿಯ ಕೆಳಗೆ, ಹೊರಮಗ್ಗುಲಲ್ಲಿ ಒಂದು ನರ ಮೂಳೆಯನ್ನು ಬಳಸಿಕೊಂಡು ಹೋಗುತ್ತೆ. ಬರೀ ಚರ್ಮದ ಕೆಳಗೇ ಇರುತ್ತೆ. ಬಹಳ ಹೊತ್ತು ಒತ್ತಿದರೆ ಪಾದ ಜೋತುಬೀಳುತ್ತೆ. ಬಂದು ನೋಡಿ" ಎಂದಳು. ಅರವತ್ತು ಹುಡುಗಿಯರು ದೇವಸ್ಥಾನದ ಸಾಲಿನಂತೆ ಬಂದು ನನ್ನ ಮಂಡಿಯ ಕೆಳಗೆ ಬೆರಳಿಟ್ಟು ಹೋದರು. ಕೊನೆಗೆ ಪ್ರಿನ್ಸಿಪಾಲರೂ ಬಂದು ಮುಟ್ಟಿದರು.

"ಹೆದರಬೇಡಿ ಮೇಡಂ, ಸರಿಹೋಗುತ್ತೆ" ಎಂದು ರಶ್ಮಿ ಭುಜ ತಟ್ಟಿದಳು. ಅವಳು ಒಳ್ಳೆಯವಳು ಎಂಬುದೇ ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಕಾಲಿಗೆ ಪಟ್ಟಿ ಬಿಗಿಸಿಕೊಂಡು ಮನೆಗೆ ಹೋದಾಗ ಯಜಮಾನರು ಎಲ್ಲವನ್ನೂ ಶಾಂತವಾಗಿ ಕೇಳಿ, "ಹಂಗಾರ ವಿದ್ಯಾರ್ಥಿಗಳ ಹಿತ ಆತಲ್ಲ ಬಿಡು" ಎಂದರು. ಅತ್ತೆ ಕೌದಿ ಕೊಡವಿ ಹೊದ್ದುಕೊಂಡರು. ಭಾಳ ಬೆಚ್ಚಗೈತಂತೆ.

ಕಾಲು ಎರಡು ತಿಂಗಳಿಗೆ ಸರಿಯಾಯಿತು. ಅನಾಟಮಿ ರಶ್ಮಿಗೆ ಹೋಯಿತು, ಗಂಜಿ ನನಗೆ ಬಂತು. ಮೊನ್ನೆ ಅದೇ ಹುಡುಗಿಯರ ಅನಾಟಮಿ ಪರೀಕ್ಷೆಗೆ ಮೇಲ್ವಿಚಾರಕಿಯಾಗಿ ನಿಂತಿದ್ದೆ. ಪಾದ ಜೋತುಬೀಳುವುದಕ್ಕೆ ಕಾರಣವೇನು ಎಂಬ ಪ್ರಶ್ನೆ ಇತ್ತು. ಬೆಂಚುಗಳ ನಡುವೆ ನಡೆಯುತ್ತ ಇಣುಕಿ ನೋಡಿದೆ. ಅರವತ್ತೂ ಜನ ಸರಿಯಾಗಿ ಬರೆದಿದ್ದರು. ನನ್ನ ಹನ್ನೊಂದು ವರ್ಷದಲ್ಲಿ ಹಾಗೆ ಒಮ್ಮೆಯೂ ಆಗಿರಲಿಲ್ಲ. ಅನುಷಾ ಚಿತ್ರವನ್ನೂ ಬಿಡಿಸಿದ್ದಳು. ಕಾಲಿನ ಪಕ್ಕದಲ್ಲಿ ಒಂದು ಇರುವೆಯೂ ಇತ್ತು.