ತವರಿಗೆ ಹೊರಟ ಹಿಮ್ಮಡಿ

"ಆಸ್ಪತ್ರೆಯೋರದ್ದು ಸಾಸಿವೆಯಷ್ಟು ತೂತು. ನಂದು ಗಸಗಸೆಯಷ್ಟು!" ಎಂದು ಪಟ್ಟಾಭಿ ಭಾವ ಬೀಗಿದರು.

ಭಾವ ಎಂದರೆ ನನ್ನ ಅಕ್ಕ ಸುಭದ್ರೆಯ ಗಂಡ. ಮೈಸೂರಿನಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ ಕರೆಯದೆಯೇ ಹೋಗಿ ಇನ್ನಷ್ಟು ಕೆಡಿಸಿ ಬರುವ ಮಹಾನುಭಾವರು. ಅಕ್ಕನಿಗೆ ಬಹಳ ದಿನದಿಂದ ಎರಡೂ ಹಿಮ್ಮಡಿ ನೋವು. ಬೆಳಿಗ್ಗೆ ಮಂಚದಿಂದಿಳಿದು ಕಾಲೂರಿದರೆ ಬೀದಿಗೆಲ್ಲ ಕೇಳುವಂತೆ "ಅಮ್ಮಾ!" ಎನ್ನುತ್ತಿದ್ದಳು. ಡಾಕ್ಟರು ಸಣ್ಣ ತೂತಿನ ಆಪರೇಷನ್ ಮಾಡೋಣ ಎಂದಿದ್ದರು. ಅಷ್ಟರಲ್ಲಿ ಭಾವನ ಈ ಯಂತ್ರ! ಹಳೇ ಹೊಲಿಗೆ ಮೆಷಿನ್ನಿಗೆ ಕೂದಲಿಗಿಂತ ತೆಳ್ಳಗಿನ ಸೂಜಿ ಸಿಕ್ಕಿಸಿದ್ದರು.

"ಇದು ಒಳಗೆ ಹೋಗಿ ಬಿಗಿತ ಸಡಿಲಿಸಿ, ಹಿಮ್ಮಡೀನ ನೋವಿಲ್ಲದ ದಿನಗಳಿಗೆ ವಾಪಸ್ ಕಳಿಸುತ್ತೆ. ನಿನಗೆ ನೋವೇ ಇಲ್ದೆ ಇದ್ದದ್ದು ಯಾವಾಗ, ಹೇಳು ಸುಭದ್ರೆ."

"ಮದುವೆಗೆ ಮುಂಚೆ," ಎಂದಳು ಅಕ್ಕ, ಒಂದು ಕ್ಷಣವೂ ಯೋಚಿಸದೆ.

ಭಾವ ಮುಖ ಸಿಂಡರಿಸಿಕೊಂಡೇ ಎರಡೂ ಹಿಮ್ಮಡಿಗೆ ಸೂಜಿ ಚುಚ್ಚಿ ಗುಂಡಿ ತಿರುಗಿಸಿದರು. ಟಿಕ್! ಅಕ್ಕ ಎದ್ದು ನಿಂತಳು. ನೋವಿಲ್ಲ! ಕಾಫಿ ಮಾಡುತ್ತೇನೆಂದು ಹೊರಟವಳು ಸೀದಾ ಬೀದಿಗಿಳಿದಳು.

"ಅಡುಗೆಮನೆ ಈ ಕಡೆ ಕಣೇ!"

"ನಂಗೊತ್ತಿಲ್ವೇನ್ರೀ? ಕಾಲಿಗೆ ಗೊತ್ತಿಲ್ಲ!"

ಹಿಂದೆಯೇ ಓಡಿದೆವು. ಅಕ್ಕ ಒಂದು ಬ್ಯಾಂಕಿನ ಮುಂಬಾಗಿಲಲ್ಲಿ ನುಗ್ಗಿ ಹಿಂಬಾಗಿಲಲ್ಲಿ ಹೊರಬಂದಳು. ನಾವು ಹುಡುಗಿಯರಾಗಿದ್ದಾಗ ಅಲ್ಲೊಂದು ಓಣಿ ಇತ್ತು! ಆಗ ನನಗೆ ಹೊಳೆಯಿತು. ಕಾಲು ಅಗ್ರಹಾರದ ನಮ್ಮ ತವರುಮನೆಗೆ ಹೊರಟಿತ್ತು.

ಆ ಮನೆ ಮಾರಿ ಎಷ್ಟೋ ವರ್ಷವಾಗಿದೆ. ಈಗಲ್ಲಿ ಬಣ್ಣದ ಮೀನುಗಳ ಅಂಗಡಿ. ಅಕ್ಕ ಜಗಲಿಯಿದ್ದ ಕಡೆ ಚಪ್ಪಲಿ ಬಿಟ್ಟು, ಗಾಜಿನ ತೊಟ್ಟಿಗಳ ನಡುವೆ ಹಾದು, ಒಂದು ಮೂಲೆಯಲ್ಲಿ ನಿಂತಳು.

"ಅಮ್ಮ ಇಲ್ಲೇ ಅಲ್ವೇನೇ ಕನಕ, ದೋಸೆಗೆ ರುಬ್ಬುತ್ತಿದ್ದದ್ದು?"

ಅಲ್ಲೇ. ನನಗೂ ಅಮ್ಮನ ಬಳೆ ಸದ್ದು ಕೇಳಿದಂತಾಗಿ ಅಳು ಬಂತು. ಅಂಗಡಿಯವನು ಗಾಬರಿಯಾಗಿ ಇಬ್ಬರಿಗೂ ಸ್ಟೂಲು ಹಾಕಿದ.

ಆಟೋದಲ್ಲಿ ವಾಪಸು ಕರೆತಂದರೆ, ಕಾಲು ಭಾವನ ಮನೆಯ ಹೊಸ್ತಿಲು ದಾಟಲೊಲ್ಲದು! ನಾನು ತಳ್ಳಿದೆ, ಭಾವ ಎಳೆದರು. ಭಾವ ಒಳಗೆ ಓಡಿ ಯಂತ್ರದ ಗುಂಡಿ ಹಿಂದಕ್ಕೆ ತಿರುಗಿಸಹೋದರೆ ಸೂಜಿ ಲಟಕ್ಕನೆ ಮುರಿಯಿತು.

"ಇನ್ನು ನಾನು ಒಳಗೆ ಬರೋಕೇ ಆಗಲ್ವೇನ್ರೀ?" ಎಂದು ಅಕ್ಕ ಹೊಸ್ತಿಲಾಚೆಯಿಂದ ಕೇಳಿದಳು.

"ಭಾವ, ಈ ಕಾಲಿಗಿನ್ನೂ ಮದುವೇನೇ ಆಗಿಲ್ಲ. ಸುಮ್ಮನೆ ಬಾ ಅಂದ್ರೆ ಬರುತ್ಯೇ? ಹೊಸ್ತಿಲ ಮೇಲೆ ಅಕ್ಕಿ ಸೇರು ಇಡಿ!" ಎಂದೆ ನಾನು.

ಭಾವ ತಾವೇ ಸೇರು ತುಂಬಿಸಿ ತಂದಿಟ್ಟರು. "ಬಾ ಸುಭದ್ರೆ," ಎಂದರು. ಅಷ್ಟು ಮೆತ್ತಗಿನ ದನಿಯನ್ನು ನಾನು ಅವರ ಮದುವೆಯ ದಿನ ಕೇಳಿದ್ದು.

"ಆಗಾಗ ತವರಿಗೆ ಕಳಿಸ್ತೀರಾ?"

"ಆ ಮೀನಿನಂಗಡಿಗಾ?"

"ಹೂಂ."

"ನಾನೇ ಕರ್ಕೊಂಡು ಹೋಗ್ತೀನಿ, ಬಾರೇ."

ಅಕ್ಕ ಬಲಗಾಲಲ್ಲಿ ಒದ್ದಳು. ಹತ್ತೊಂಬತ್ತರ ಹುಡುಗಿಯ ಒದೆ! ಸೇರು ನಡುಮನೆಯುದ್ದಕ್ಕೂ ಹಾರಿ ಯಂತ್ರದ ನೆತ್ತಿಗೆ ಬಡಿದು ಅದನ್ನು ನುಚ್ಚುನೂರು ಮಾಡಿತು. ಅಕ್ಕ ಅಕ್ಕಿ ತುಳಿಯದೆ ಒಳಗೆ ಬಂದು ಕಾಫಿಗೆ ನೀರಿಟ್ಟಳು.

ನೋವು ಮತ್ತೆ ಬಂದಿಲ್ಲ. ಭಾವ ಮಾತು ತಪ್ಪಿಲ್ಲ. ಹೆಣ್ಣುಮಗಳನ್ನು ತವರಿನಿಂದ ಬರಿಗೈಲಿ ಕಳಿಸಬಾರದೆಂದು ಅಂಗಡಿಯವನು ಹೋದಾಗಲೆಲ್ಲ ಒಂದೊಂದು ಮೀನು ಕಟ್ಟಿಕೊಡುತ್ತಾನೆ. ಅವರ ಮನೆಯ ಬಕೆಟ್ಟುಗಳೆಲ್ಲ ತುಂಬಿರುವುದರಿಂದ ಭಾವ ಈಗ ಸ್ನಾನಕ್ಕೆ ನಮ್ಮ ಮನೆಗೆ ಬರುತ್ತಾರೆ.