ಒಂಟಿ ಸೀನು

ಅರವತ್ತು ದಾಟಿದ ಮೇಲೆ ಮೈಯಲ್ಲಿ ಹೊಸದೇನೂ ಹುಟ್ಟುವುದಿಲ್ಲ, ಇದ್ದದ್ದು ಕೆಡುತ್ತದೆ ಅಷ್ಟೇ ಅಂದುಕೊಂಡಿದ್ದೆ. ಕೊಯಮತ್ತೂರಿನ ಪಕ್ಕದ ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಆಯುಷ್ಯವೆಲ್ಲ ಕಬ್ಬಿಣದ ಧೂಳು ಕುಡಿದ ಮೂಗು ನನ್ನದು. ಒಂದು ದಿನವೂ ತಕರಾರು ತೆಗೆದದ್ದಿಲ್ಲ. ರಿಟೈರಾಗಿ ಮನೆ ಮುಂದಿನ ಬೇವಿನ ಮರದಡಿ ಕುರ್ಚಿ ಹಾಕಿಕೊಂಡು ಕೂತೆ ನೋಡಿ, ಮೊದಲ ಪಂಗುಣಿ ತಿಂಗಳಲ್ಲೇ ಸೀನು ಶುರು. ಅಲ್ಲಿಂದ ಮರ ಹೂ ಬಿಟ್ಟರೆ ಸಾಕು, ನನಗೆ ಏನಾದರೊಂದು ಆಘಾತ ಕಾದೇ ಇರುತ್ತದೆ.

ಮನೆಮದ್ದು

ಡಾಕ್ಟರ ಹತ್ತಿರ ಹೆಂಡತಿಯೂ ಜೊತೆಗೆ ಬಂದಳು. ಡಾಕ್ಟರು ಮೂಗಿಗೆ ಲೈಟು ಬಿಟ್ಟು ನೋಡಿ, "ಹೂವಿನ ಪುಡಿ ಆಗ್ತಿಲ್ಲ ನಿಮಗೆ. ಮನೆ ಹತ್ತಿರ ಏನು ಮರ ಇದೆ?" ಅಂತ ತಮಿಳಿನಲ್ಲಿ ಕೇಳಿದರು.

"ಬೇವು."

"ಅದೇ ಇರಬೇಕು. ಹೂ ಮುಗಿಯೋವರೆಗೂ ಹತ್ತಿರ ಹೋಗಬೇಡಿ."

ನನಗೆ ಸಿಡಿಲು ಬಡಿದ ಹಾಗಾಯಿತು. ಹೊಟ್ಟೆ ಕೆಟ್ಟರೆ ಬೇವು, ಮೈಮೇಲೆ ಅಮ್ಮ ಎದ್ದರೆ ಬೇವು, ದೃಷ್ಟಿಯಾದರೂ ಬೇವು. ಆ ಬೇವೇ ಕಾಯಿಲೆ ಅಂದರೆ ಮನುಷ್ಯ ಎಲ್ಲಿಗೆ ಹೋಗಬೇಕು?

"ಮನೆಯಲ್ಲಿ ಏನಾದರೂ ಮದ್ದು ಮಾಡಿದ್ದೀರಾ?" ಅಂದರು ಡಾಕ್ಟರು.

ಹೆಂಡತಿ ಹೆಮ್ಮೆಯಿಂದ ಮುಂದೆ ಬಂದಳು. "ದಿನಾ ಬೇವಿನ ಹೂವಿನ ರಸಂ ಡಾಕ್ಟರ್. ಹೂವು ಕುದಿಸಿ ಆವಿ ಹಿಡಿಸ್ತೀನಿ. ತಲೆದಿಂಬಿನ ಹತ್ತಿರ ಒಂದು ಗೊಂಚಲು ಕಟ್ಟಿರ್ತೀನಿ, ಬಾಡೋಕೆ ಬಿಡಲ್ಲ."

ಡಾಕ್ಟರು ಕನ್ನಡಕ ತೆಗೆದು, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ನಿಮ್ಮಿಬ್ಬರಿಗೂ ಜಗಳ ಏನಾದರೂ ಇದೆಯಾ?"

ಹೊರಡುವ ಹೊತ್ತು

ನಮ್ಮ ಬೀದಿಯಲ್ಲಿ ಯಾರಾದರೂ ಹೊರಡುವಾಗ ಒಂಟಿ ಸೀನು ಬಿದ್ದರೆ ಅಪಶಕುನ. ಒಳಗೆ ಹೋಗಿ, ನೀರು ಕುಡಿದು, ಕೂತು ಏಳಬೇಕು. ಜೋಡಿ ಸೀನಾದರೆ ಒಳ್ಳೆಯ ಶಕುನ. ಎದುರು ಮನೆಯ ಹೆಂಗಸು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವವಳು. ನನ್ನ ದೆಸೆಯಿಂದ ನೀರು ಕುಡಿದೂ ಕುಡಿದೂ ಬಸ್ಸು ತಪ್ಪಿಸಿಕೊಂಡವಳು ಕೊನೆಗೆ ಗೇಟಿನಲ್ಲಿ ಬಂದು ನಿಂತಳು. "ಅಣ್ಣಾ, ನಿಮ್ಮ ತುಮ್ಮಲ್ ಎಲ್ಲಾ ನನ್ನ ಬಸ್ ಹೋದ್ಮೇಲೆ ಇಟ್ಕೊಳ್ಳಿ." ಸೀನಿಗೂ ಟೈಮ್ ಟೇಬಲ್! ರೈಲ್ವೆಯಲ್ಲೇ ಅದು ನಡೆಯುತ್ತಿರಲಿಲ್ಲ.

ಇದು ಮಹಡಿಯ ಬಾಡಿಗೆಯವನ ಕಿವಿಗೆ ಬಿತ್ತು. ಹಾಸನದ ಕಡೆಯ ಎಂಜಿನಿಯರು, ಅತ್ತೆ ಮಾವ ಕೊಯಮತ್ತೂರಿನವರೇ. ಒಂದು ಭಾನುವಾರ ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ಸಾರ್, ಇವತ್ತು ಅತ್ತೆ ಮನೆಗೆ ಹೋಗ್ಬೇಕಂತೆ. ನಾವು ಮೆಟ್ಟಿಲು ಇಳಿಯೋವಾಗ ಒಂದೇ ಒಂದು ಸೀನಿಬಿಡಿ, ಪುಣ್ಯ ಬರುತ್ತೆ."

ಓದಿದ ಹುಡುಗ! ನಾನು ದಂಗಾದೆ. ಆದರೂ ಪಾಪ ಅನ್ನಿಸಿ, ಅವರು ಇಳಿಯುವ ಹೊತ್ತಿಗೆ ಮರದಡಿ ಹೋಗಿ ನಿಂತೆ. ಬಂತು ಒಂದು. ಅವನ ಮುಖ ಅರಳಿತು. ಹಿಂದೆಯೇ ಬಂತು ಇನ್ನೊಂದು. ಅವನ ಹೆಂಡತಿ ಕೈಮುಗಿದು, "ನೋಡ್ರೀ, ಎಂಥ ಶಕುನ! ಇವತ್ತು ಅಲ್ಲೇ ಉಳಿದು ಬರೋಣ" ಅಂದಳು.

ಸಾವಿನ ಮನೆ

ಮದುಕ್ಕರೈಯಲ್ಲಿ ದೂರದ ನಂಟರೊಬ್ಬರು ತೀರಿಕೊಂಡರು. ಮುಖ ನೋಡಿ ಬರೋಣವೆಂದು ಹೋದೆ. ದಾರಿಯುದ್ದಕ್ಕೂ ಸೀಮೆಜಾಲಿ ಹೂ ಬಿಟ್ಟಿತ್ತು. ತಲುಪುವಾಗ ಕಣ್ಣು ಕೆಂಡ, ನೀರು ಧಾರಾಕಾರ, ಮೂಗಿಗೆ ಟವಲು. ಬಿಕ್ಕಳಿಸುವವರ ಹಾಗೆ ಸೀನು ನುಂಗುತ್ತ ಮೂಲೆಯಲ್ಲಿ ನಿಂತೆ. ಜನ ಬಂದು ನನಗೇ ಸಮಾಧಾನ ಹೇಳತೊಡಗಿದರು. ಸತ್ತವರ ಹೆಂಡತಿ ಅಳು ನಿಲ್ಲಿಸಿ ನನ್ನನ್ನೇ ದಿಟ್ಟಿಸಿ, ಮಗಳನ್ನು ಕೇಳಿದರು: "ಕಟ್ಕೊಂಡ ನಾನೇ ಇಷ್ಟು ಅಳ್ಲಿಲ್ಲ. ಯಾರಮ್ಮಾ ಇವರು?"

ಹೂ ಕೇಳಿದ್ದು

ಈಗ ನನ್ನ ಮಗಳ ವಿಷಯ. ಅವಳು ಆಫೀಸಿನಲ್ಲೇ ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಪಲ್ಲಡಂನಲ್ಲಿ ಮಗ್ಗ ಓಡಿಸುವ ಮನೆ, ನಮ್ಮವರೇ, ಮನೆಮಾತು ಕನ್ನಡವೇ. ಎಲ್ಲರೂ ಒಪ್ಪಿದರು, ಹುಡುಗನ ಅಜ್ಜಿ ಒಬ್ಬರನ್ನು ಬಿಟ್ಟು. "ನಾವು ನೋಡದೆ ಅವರೇ ನೋಡ್ಕೊಂಡ ಸಂಬಂಧ. ನಾನ್ ಆಗಲಿ ಅನ್ನಲ್ಲ. ಅಮ್ಮನ ಹತ್ರ ಹೂ ಕೇಳ್ರಿ, ಅವಳು ಕೊಟ್ರೆ ಆಗಲಿ."

ಹೂ ಕೇಳುವುದೆಂದರೆ, ಒಂದು ಎಲೆಯಲ್ಲಿ ಬಿಳಿ ಕಣಗಿಲೆ, ಇನ್ನೊಂದರಲ್ಲಿ ಕೆಂಪು ಮಡಿಸಿ ದೇವಿಯ ಮುಂದಿಟ್ಟು ಒಂದನ್ನು ಎತ್ತುವುದು. ಬಿಳಿ ಬಂದರೆ ಮದುವೆ, ಕೆಂಪು ಬಂದರೆ ಇಲ್ಲ.

ಮಗಳಿಗೆ ಹೂವಿಗಿಂತ ನನ್ನ ಮೂಗಿನದೇ ಭಯ. "ಅಪ್ಪಾ, ಅಲ್ಲಿ ಒಂದು ತುಮ್ಮಿದ್ರೆ ನನ್ ಕತೆ ಮುಗೀತು." ಡಾಕ್ಟರು ಹೇಳಿದ ಮಾತ್ರೆ ನುಂಗಿ, ಮಾಸ್ಕು ಹಾಕಿಕೊಂಡು ಹೋದೆ.

ಗುಡಿಯ ಮುಂದೆ ಏನಿರಬೇಕು? ಬೇವಿನ ಮರ, ಮೈತುಂಬ ಹೂ. ಅಜ್ಜಿ ತಮ್ಮ ಕೈಯಾರೆ ಹೂ ಮಡಿಸಿ ತಂದಿದ್ದರು. "ಹೆಣ್ಣಿನ ಅಪ್ಪನೇ ತಟ್ಟೆ ಹಿಡ್ಕೊಳ್ಲಿ. ಮಾಸ್ಕ್ ಕಳಚಪ್ಪಾ, ಅಮ್ಮ ನಿನ್ನ ಮುಖ ನೋಡಬೇಡ್ವಾ?"

ಕಳಚಿದೆ. ಪೂಜಾರಿ ಕೈ ಚಾಚಿದರು. ಮೂಗಿನೊಳಗೆ ಇರುವೆ ಹರಿದ ಹಾಗಾಯಿತು. ಉಸಿರು ಕಟ್ಟಿದೆ, ಹಲ್ಲು ಕಚ್ಚಿದೆ. ಆಕ್ಷೀ! ತಟ್ಟೆ ಹಾರಿ ನೆಲಕ್ಕೆ ಬಿತ್ತು, ಎರಡು ಪೊಟ್ಟಣವೂ ಬಿಚ್ಚಿಕೊಂಡವು.

ಎರಡರಲ್ಲೂ ಬಿಳಿ.

ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಸೆರಗು ಸರಿಮಾಡಿಕೊಂಡು, "ಏನ್ ನೋಡ್ತೀರಿ? ಬ್ಯಾಡ ಬ್ಯಾಡ ಅಂದ್ಬಿಟ್ಟು ಈಗ ನಾನೇ ಹೂಂ ಅನ್ನಾಕಾಗ್ತದಾ?" ಅಂದರು. ನನ್ನ ಮಗಳು ಅಲ್ಲೇ ಅತ್ತುಬಿಟ್ಟಳು.

ಆದರೆ ಪೂಜಾರಿ ಬಿಡಲಿಲ್ಲ. "ಹೂ ಸರಿ. ತುಮ್ಮಲ್ ಒಂದೇ ಆಯ್ತಲ್ಲ?"

ಆಗ ನೋಡಬೇಕಿತ್ತು. ಮಗಳು, "ಅಪ್ಪಾ, ಇನ್ನೊಂದು ತುಮ್ಮಪ್ಪಾ!" ಹೆಂಡತಿ ಬೇವಿನ ಗೊಂಚಲು ಮುರಿದು ಮೂಗಿಗೆ ಹಿಡಿದಳು. ಅಳಿಯನಾಗುವವನು ಮರ ಅಲುಗಾಡಿಸಿದ. ಮಾತ್ರೆ ಆಗ ತಾನೇ ಕೆಲಸ ಶುರುಮಾಡಿತ್ತು. ಜನ್ಮದಲ್ಲೇ ಮೂಗು ಅಷ್ಟು ಸ್ವಚ್ಛವಾಗಿರಲಿಲ್ಲ. ಆಕಳಿಕೆ ಬಂತು, ಸೀನು ಬರಲಿಲ್ಲ.

ಅಜ್ಜಿ ಸೊಂಟದಿಂದ ನಸ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ತಾವೇ ಏರಿಸಿ, ಗುಡಿಯ ಪಾರಿವಾಳ ಹಾರುವ ಹಾಗೆ ಸೀನಿದರು. "ಎರಡಾಯ್ತು. ಬೀಗರದೊಂದು, ನಂದೊಂದು. ಎಲೆ ಅಡಿಕೆ ತಟ್ಟೆ ಬದ್ಲಾಯಿಸ್ರಿ."

ತಟ್ಟೆ ಬದಲಾಯಿಸುವಾಗ ಹುಡುಗನ ತಾಯಿ ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದರಂತೆ: "ನಾನ್ ಸೊಸೆಯಾಗಿ ಬಂದಾಗಿಂದ ನಮ್ಮತ್ತೆ ನಸ್ಯ ಹಾಕ್ತಾರೆ. ಅವರು ತುಮ್ಮಿದ್ದು ನಾನ್ ಕಂಡಿದ್ದು ಇವತ್ತೇ."